ಕಿರುಬಣ್ಣನ ಹಲ್ಲುನೋವು

ನಾವು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಹೊಲಿಗೆ ಹಾಲಿನ ಹಿಂಭಾಗಕ್ಕೆ ಅಂಟಿಕೊಂಡಂತೆ ಮಕ್ಕಳ ಕೋಣೆ ಇತ್ತು. ಮೊದಲು ಅದು ಬಟ್ಟೆ ಥಾನುಗಳನ್ನು ಪೇರಿಸಿಡುತ್ತಿದ್ದ ಗೋದಾಮು. ತಪಾಸಣೆಯವರು ಬಂದು ಹೋದ ಮೇಲೆ ಗಡಿಬಿಡಿಯಲ್ಲಿ ಗೋಡೆಗೆ ತಿಳಿನೀಲಿ ಬಳಿದು, ಎಂಟು ತೊಟ್ಟಿಲು ತಂದಿಟ್ಟು, ಬಾಗಿಲಿಗೆ ಅರ್ಧ ಎತ್ತರದ ಕಟಕಟೆ ಹೊಡೆದರು. ಇದ್ದದ್ದು ಒಂದೇ ಕಿಟಕಿ, ಅದೂ ಬಾಯ್ಲರ್ ಕಡೆಗೆ. ಮೂವತ್ತು ಮಕ್ಕಳು ಉಸಿರಾಡಿದ ಗಾಳಿಯನ್ನೇ ಮತ್ತೆ ಉಸಿರಾಡಬೇಕಿತ್ತು. ಆ ಕೋಣೆಯ ಆಯಾಳನ್ನು ಎಲ್ಲರೂ ತೊಟ್ಟಿಲಕ್ಕ ಎನ್ನುತ್ತಿದ್ದರು. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ.

ನಾನು ಆಗ ಅಂಗಿಯ ಕೊರಳಪಟ್ಟಿ ಹೊಲಿಯುವ ಸಾಲಿನಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಾಲರ್, ಕಾಲರ್, ಕಾಲರ್. ಒಂದು ಪೂರ್ತಿ ಅಂಗಿ ಹೊಲಿಯಲು ಬರುತ್ತದೋ ಇಲ್ಲವೋ ಎಂಬುದೇ ಮರೆತುಹೋಗಿತ್ತು. ತೊಟ್ಟಿಲಕ್ಕ ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ, "ಏನೇ ಕಾಲರ್, ಊಟ ಆಯ್ತಾ?" ಎಂದು. ನನ್ನ ಮಗಳಿಗೆ ನಾಲ್ಕು ವರ್ಷ. ಅವಳನ್ನು ಬೆಳಿಗ್ಗೆ ಆ ಕಟಕಟೆಯ ಆಚೆ ದಾಟಿಸಿದರೆ ಸಂಜೆ ಗಂಟೆ ಹೊಡೆಯುವವರೆಗೂ ಅವಳ ಹೊಣೆ ತೊಟ್ಟಿಲಕ್ಕನದು.

ಆ ಎಂಟು ತೊಟ್ಟಿಲುಗಳನ್ನು ಮಾಡಿಕೊಟ್ಟವನು ತೊಟ್ಟಿಲಕ್ಕನ ಗಂಡ, ವೆಲ್ಡರ್. ಕೈಕೆಲಸ ಅಚ್ಚುಕಟ್ಟು. ಕಬ್ಬಿಣದ ಕೊಳವೆಯ ಪ್ರತಿ ಬೆಸುಗೆಯನ್ನೂ ಅರದಿಂದ ಉಜ್ಜಿ ಉಜ್ಜಿ, ಕೂಸಿನ ಬೆರಳಿಗೆ ತರಚದ ಹಾಗೆ ನುಣುಪು ಮಾಡಿದ್ದ. ಅದನ್ನು ನೋಡಿ ಮೆಚ್ಚಿದ ಮ್ಯಾನೇಜರು ಆಯಾ ಕೆಲಸಕ್ಕೆ ಯಾರಾದರೂ ಗೊತ್ತೇ ಎಂದು ಕೇಳಿದಾಗ ಅವನು ಹೆಂಡತಿಯನ್ನು ಕರೆತಂದು ನಿಲ್ಲಿಸಿದ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ವೆಲ್ಡರನೆಂದರೆ ನಮಗೆಲ್ಲ ಒಳ್ಳೆಯ ಅಭಿಪ್ರಾಯವೇ. ಗೇಟಿನಲ್ಲಿ ಸಿಕ್ಕರೆ ನಗುತ್ತಿದ್ದ. ಯಾರದಾದರೂ ಸೈಕಲ್ಲಿನ ಕ್ಯಾರಿಯರ್ ಮುರಿದಿದ್ದರೆ ಕೇಳದೆಯೇ ಸರಿಮಾಡಿಕೊಡುತ್ತಿದ್ದ.

ಮೊದಮೊದಲು ತೊಟ್ಟಿಲಕ್ಕ ಹೇಳುತ್ತಿದ್ದ ಕಥೆಗಳು ಎಲ್ಲರೂ ಹೇಳುವಂಥವೇ. ಒಂದು ಹುಲಿ ಇತ್ತು, ತುಂಬ ಕೆಟ್ಟದ್ದು, ಒಂದು ಮೊಲ ಇತ್ತು, ತುಂಬ ಒಳ್ಳೆಯದು. ಮಕ್ಕಳು ಆಕಳಿಸುತ್ತಾ ಕೇಳಿ ಮಲಗುತ್ತಿದ್ದವು. ಎದ್ದ ಮೇಲೆ ಹುಲಿಯೂ ಇಲ್ಲ, ಮೊಲವೂ ಇಲ್ಲ. "ನಿನ್ನೆ ಯಾವ ಕಥೆ ಹೇಳಿದ್ರು?" ಎಂದರೆ ನನ್ನ ಮಗಳು "ಗೊತ್ತಿಲ್ಲ, ಹುಲಿ ಸತ್ತೋಯ್ತು" ಎಂದು ಕೈ ಕೊಡವುತ್ತಿದ್ದಳು.

ಒಂದು ಸೋಮವಾರ ಮಗಳಿಗೆ ಮೈ ಬೆಚ್ಚಗಿತ್ತು. ಚಹಾ ವಿರಾಮದಲ್ಲಿ ನೋಡಿ ಹೋಗೋಣವೆಂದು ಓಡಿಬಂದೆ. ತೊಟ್ಟಿಲಕ್ಕನ ಕೆಳತುಟಿ ಊದಿ, ಒಂದು ಮೂಲೆ ಕಪ್ಪಾಗಿತ್ತು. ನಾನು ಕಂಡೂ ಕಾಣದವಳ ಹಾಗೆ ಮಗಳ ಹಣೆ ಮುಟ್ಟಿ ನೋಡುತ್ತಿದ್ದೆ. ದೊಡ್ಡವರು ಮಾಡುವುದು ಅದನ್ನೇ ಅಲ್ಲವೇ? ಮಕ್ಕಳಿಗೆ ಆ ನಯನಾಜೂಕು ಇಲ್ಲ. ನನ್ನ ಮಗಳೇ ನೇರವಾಗಿ ಕೇಳಿಬಿಟ್ಟಳು.

"ಅಕ್ಕಾ, ಬಾಯಿಗೆ ಏನಾಯ್ತು?"

"ಕಿರುಬ ಕಚ್ಚಿತು."

"ಯಾಕೆ ಕಚ್ಚಿತು?"

ತೊಟ್ಟಿಲಕ್ಕ ಒಂದು ಗಳಿಗೆ ಯೋಚಿಸಿದಳು. "ಅದರ ಬಾಚಣಿಗೆ ಕಳೆದುಹೋಗಿತ್ತು."

 ಯಾವುದೋ ಮಗು ಕಿಸಕ್ಕನೆ ನಕ್ಕಿತು. "ಕಿರುಬಕ್ಕೆ ಬಾಚಣಿಗೆ ಯಾಕೆ?"

"ಮೀಸೆ ಬಾಚೋಕೆ. ದಿನಕ್ಕೆ ಹತ್ತು ಸಲ ಬಾಚುತ್ತೆ. ಬಾಚಣಿಗೆ ಇಟ್ಟ ಜಾಗ ಅದಕ್ಕೇ ಮರೆತುಹೋಗುತ್ತೆ. ಆಮೇಲೆ ಎದುರಿಗೆ ಸಿಕ್ಕಿದವರನ್ನ ಕಚ್ಚುತ್ತೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ. ವೆಲ್ಡರನ ಅಂಗಿ ಜೇಬಿನಿಂದ ಸದಾ ಇಣುಕುತ್ತಿದ್ದ ಪುಟ್ಟ ಬಾಚಣಿಗೆ ನನ್ನ ಕಣ್ಣ ಮುಂದೆ ಬಂತು. ಆದರೂ ನಕ್ಕೆ.

ಮರುದಿನ ಮಕ್ಕಳು ಹಟ ಹಿಡಿದವು. ಕಿರುಬ ಬೇಕು. ಹೀಗೆ ಹುಟ್ಟಿದವನು ಕಿರುಬಣ್ಣ. 'ಅಣ್ಣ' ಎಂದು ಸೇರಿಸಿದವರು ಮಕ್ಕಳೇ. ತೊಟ್ಟಿಲಕ್ಕ ದಿನಕ್ಕೊಂದು ಚೂರು ಸೇರಿಸುತ್ತಾ ಹೋದಳು. ಕಾಡಿನ ಪ್ರಾಣಿಗಳನ್ನೆಲ್ಲ ಹೆದರಿಸುವ ಕಿರುಬಣ್ಣನಿಗೆ ಜಿರಳೆ ಕಂಡರೆ ಮೈಯೆಲ್ಲ ನಡುಕ. ಜಿರಳೆ ಬಂದರೆ ಬಂಡೆ ಹತ್ತಿ ಕೂತು "ಯಾರಾದ್ರೂ ಬನ್ರೋ" ಎಂದು ಕೂಗುತ್ತಾನೆ. ಅವನಿಗೆ ಲೆಕ್ಕ ಬರುವುದು ನಾಲ್ಕರವರೆಗೆ ಮಾತ್ರ. ಒಂದು, ಎರಡು, ಮೂರು, ನಾಲ್ಕು, ಆಮೇಲೆ 'ಬಹಳ'. ಆದರೆ ಬರುವುದಿಲ್ಲವೆಂದು ಒಪ್ಪಿಕೊಳ್ಳುವವನಲ್ಲ. ಯಾರಾದರೂ ಐದು ಎಂದರೆ ತನ್ನನ್ನು ಆಡಿಕೊಂಡರೆಂದು ಮುನಿಸು. ಅವನ ಗುಹೆಯಲ್ಲಿ ಒಂದು ಮೊಲ ಇರುತ್ತದೆ. ಅದು ಅವನಿಗೆ ಬೆನ್ನು ಮಾಡಿ ಮಲಗಿದರೆ ಸಾಕು, "ನನ್ನನ್ನ ಕಂಡ್ರೆ ಆಗಲ್ಲ ಅಲ್ವಾ?" ಎಂದು ಎಬ್ಬಿಸಿ ಜಗಳ ತೆಗೆಯುತ್ತಾನೆ.

ಎಲ್ಲಕ್ಕಿಂತ ಮಕ್ಕಳಿಗೆ ಪ್ರಾಣ ಎಂದರೆ ಇದು. ಮೊಲವನ್ನು ಕಚ್ಚಿದ ಮೇಲೆ ಕಿರುಬಣ್ಣ ಗುಹೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೆನ್ನೆ ಹಿಡಿದುಕೊಂಡು ಗೋಳೋ ಎಂದು ಅಳುತ್ತಾನೆ. "ಅಯ್ಯೋ, ನನ್ನ ಹಲ್ಲು ನೋಯ್ತಿದೆ! ನೋಡು, ನಿನ್ನಿಂದ ನನ್ನ ಹಲ್ಲು ನೋಯ್ತಿದೆ!" ಆಗ ಮೊಲ ಕುಂಟುತ್ತಾ ಬಂದು ನೀರು ಕೊಡುತ್ತದೆ. ನೀರು ಕುಡಿದು, ಬಾಯಿ ಒರೆಸಿಕೊಂಡು, ಅವನು ಸುಮ್ಮನಾಗುತ್ತಾನೆ. ತೊಟ್ಟಿಲಕ್ಕ ಕೆನ್ನೆಗೆ ಕೈ ಇಟ್ಟರೆ ಸಾಕು, ಮೂವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು, "ಹಲ್ಲು ನೋಯ್ತಿದೆ!" ಆ ಕೂಗು ಗೋಡೆ ದಾಟಿ, ಮಷಿನ್ನುಗಳ ಸದ್ದನ್ನು ಮೀರಿ ಹಾಲಿನವರೆಗೆ ಬರುತ್ತಿತ್ತು. ನಮಗೂ ಅದು ಅಂಟುಜಾಡ್ಯವಾಯಿತು. ಬೆರಳಿಗೆ ಸೂಜಿ ಚುಚ್ಚಿದರೆ "ಹಲ್ಲು ನೋಯ್ತಿದೆ". ಸೂಪರ್‌ವೈಸರು ಬೈದು ಹೋದರೆ ಅವನ ಬೆನ್ನ ಹಿಂದೆ "ಪಾಪ, ಹಲ್ಲು ನೋಯ್ತಿದೆ ಅವರಿಗೆ".

"ಹೇಗಕ್ಕ ಇಷ್ಟು ಚೆನ್ನಾಗಿ ಕಟ್ತೀಯ?" ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಕೇಳಿದೆ.

"ಬರೀ ಕೆಟ್ಟವನಾದ್ರೆ ಯಾರೂ ನೆನಪಿಟ್ಕೊಳ್ಳಲ್ಲ ಕಣೆ," ಎಂದಳು. "ಹುಲಿಗೆ ಬರೀ ಹಲ್ಲು ಕೊಟ್ಟಿದ್ದೆ, ಅದಕ್ಕೇ ಮರೆತ್ರು. ಇವನಿಗೆ ಹೆದರಿಕೆ ಕೊಟ್ಟೆ, ಜಂಬ ಕೊಟ್ಟೆ, ಅಳು ಕೊಟ್ಟೆ. ಈಗ ನೋಡು, ಮನೆಮಗ ಆಗಿಬಿಟ್ಟಿದ್ದಾನೆ."

ಇನ್ನು ನನ್ನ ಮನೆಯ ವಿಷಯ. ನನ್ನ ಗಂಡ ಲಾರಿ ಗೋದಾಮಿನಲ್ಲಿ ಸರಕು ಇಳಿಸುವವನು. ದಿನಾ ಹೊಡೆಯುವವನಲ್ಲ. ಹೊಡೆದ ದಿನ ಗೋಡೆಗೆ ಒರಗಿ ಕೂತು, ತನ್ನ ಹಣೆಬರಹ ಹಳಿದುಕೊಂಡು ಅಳುವುದು ಅವನಿಗೂ ಇತ್ತು. ಒಂದು ಸಂಜೆ ಅಂಥದ್ದೇ ಆಯಿತು. ನಾನು ಅಡುಗೆಮನೆಯ ನೆಲದ ಮೇಲೆ ಚೆಲ್ಲಿದ್ದನ್ನು ಬಳಿಯುತ್ತಿದ್ದೆ. ನನ್ನ ಮಗಳು ತನ್ನ ಲೋಟದಲ್ಲಿ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅಪ್ಪನ ಮುಂದೆ ನಿಂತಳು. "ಕುಡಿ ಅಪ್ಪ, ನೋವು ಹೋಗುತ್ತೆ." ಅವನು ಕುಡಿದ. ಅವಳ ತಲೆ ಸವರಿದ. ಅವಳು ನನ್ನ ಕಡೆ ತಿರುಗಿ, ಗೆದ್ದವಳ ಹಾಗೆ ನಕ್ಕಳು.

ಮರುದಿನ ಊಟದ ಡಬ್ಬಿ ಬಿಚ್ಚುತ್ತಾ ಇದನ್ನು ತೊಟ್ಟಿಲಕ್ಕನಿಗೆ ತಮಾಷೆಯ ಸುದ್ದಿಯ ಹಾಗೆ ಹೇಳಿದೆ. ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆಯಿತ್ತು.

ಅವಳ ಕೈ ನಿಂತುಹೋಯಿತು. "ಯಾರು ಕಲಿಸಿದ್ದು ಅವಳಿಗೆ?"

"ಇನ್ಯಾರು, ನೀನೇ. ಮೊಲ ನೀರು ಕೊಟ್ರೆ ಕಿರುಬಣ್ಣ ಸುಮ್ಮನಾಗ್ತಾನಲ್ಲ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಒಂದು ತುತ್ತೂ ತಿಂದಿರಲಿಲ್ಲ.

ಅಂದಿನಿಂದ ಅವಳು ಆ ಕಥೆಯ ಜೊತೆ ಹೊಡೆದಾಡಲು ಶುರುಮಾಡಿದಳು. ಮೊದಲು ಮೊಲ ನೀರು ಕೊಡುವುದಿಲ್ಲ ಎಂದಳು. ಮಕ್ಕಳು "ಕೊಡುತ್ತೆ, ಕೊಡುತ್ತೆ" ಎಂದು ನೆಲ ಬಡಿದವು. ನನ್ನ ಮಗಳು "ಪಾಪ ಕಿರುಬಣ್ಣ" ಎಂದು ಕಣ್ಣಲ್ಲಿ ನೀರು ತಂದುಕೊಂಡಳಂತೆ. ಆಮೇಲೆ ತೊಟ್ಟಿಲಕ್ಕ ಜಿರಳೆಯನ್ನು ತೆಗೆದಳು, ಬಾಚಣಿಗೆಯನ್ನು ತೆಗೆದಳು, ಅಳುವನ್ನೂ ತೆಗೆದಳು. ಕಚ್ಚುವುದೊಂದನ್ನೇ ಉಳಿಸಿದಳು. ಮಕ್ಕಳು ಒಪ್ಪಲಿಲ್ಲ. "ಇವನು ಕಿರುಬಣ್ಣ ಅಲ್ಲ, ಬೇರೆ ಯಾರೋ. ನಮ್ಮ ಕಿರುಬಣ್ಣ ಎಲ್ಲಿ?" ಕೊನೆಗೆ ಅವನನ್ನು ಹಾಳುಬಾವಿಗೆ ತಳ್ಳಿ ಸಾಯಿಸಿದಳು. ಮಕ್ಕಳು ತಾವೇ ಹಗ್ಗ ಬಿಟ್ಟು, ಎಳೆದು ಮೇಲೆ ಹತ್ತಿಸಿ, ಮೈ ಒರೆಸಿ ಕೂರಿಸಿಬಿಟ್ಟವು.

"ನನ್ನ ಕೈ ಮೀರಿ ಹೋದ ಕಣೆ ಅವನು," ಎಂದಳು ನನ್ನ ಹತ್ತಿರ. ಗಂಡನ ವಿಷಯ ಅವಳು ಬಾಯಿಬಿಟ್ಟು ಹೇಳಿದ್ದು ಆವತ್ತೇ ಮೊದಲು. "ಮಕ್ಕಳನ್ನ ಏನಂತ ಬೈಯಲಿ? ಹನ್ನೊಂದು ವರ್ಷ ನಾನೂ ಇದನ್ನೇ ಮಾಡಿದ್ದೀನಿ. ಹೊಡೆದಿದ್ದು ಮರೆತುಹೋಗುತ್ತೆ. ಜಿರಳೆಗೆ ಹೆದರಿ ಸ್ಟೂಲ್ ಹತ್ತಿದ್ದು ನೆನಪಿರುತ್ತೆ. ನಗು ಬರುತ್ತೆ. ನಗು ಬಂದ ಮೇಲೆ ಬಿಟ್ಟು ಹೋಗೋದು ಹೇಗೆ ಹೇಳು?"

ನಾನು ಮಷಿನ್ನಿಗೆ ಹೊತ್ತಾಯಿತೆಂದು ಎದ್ದೆ.

ಇದಾಗಿ ಹದಿನೈದು ದಿನಕ್ಕೆ ಒಂದು ತೊಟ್ಟಿಲಿನ ಕಾಲು ಬಿಟ್ಟುಕೊಂಡಿತು. ಶನಿವಾರ ಮಧ್ಯಾಹ್ನ ವೆಲ್ಡರ್ ಬಂದ. ಶನಿವಾರ ನಮಗೆ ಅರ್ಧ ದಿನ. ಮಗಳನ್ನು ಕರೆದುಕೊಂಡು ಹೋಗಲು ನಾನು ಕಟಕಟೆಯ ಹತ್ತಿರ ನಿಂತಿದ್ದೆ. ಅವನು ಕಾಲನ್ನು ನೆಟ್ಟಗೆ ಮಾಡಲು ಬಡಿಯುತ್ತಿದ್ದಾಗ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. ಅವನು ಸುತ್ತಿಗೆ ಬಿಸಾಡಿ, ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ ಹೆಂಡತಿಗೆ ತೋರಿಸಿದ. "ಕೈ ನೋಯ್ತಿದೆ ಕಣೆ. ನೋಡು ಇಲ್ಲಿ, ನೋಯ್ತಿದೆ." ದನಿಯಲ್ಲಿ ಅಳು ಇತ್ತು. ಜೇಬಿನಲ್ಲಿ ಬಾಚಣಿಗೆ ಇತ್ತು.

"ಕಿರುಬಣ್ಣ!" ಎಂದು ಯಾವುದೋ ಮಗು ಕಿರುಚಿತು.

ಉಳಿದ ಮಕ್ಕಳೆಲ್ಲ ಹೋ ಎಂದು ಎದ್ದವು. "ಕಿರುಬಣ್ಣ ಬಂದ! ಹಲ್ಲು ನೋಯ್ತಿದೆ!" ನನ್ನ ಮಗಳು ಆಗಲೇ ಹೂಜಿಯ ಹತ್ತಿರ ಓಡಿದ್ದಳು. ತುಂಬಿದ ಲೋಟ ಹಿಡಿದು ಅವಳು ಅರ್ಧ ಕೋಣೆ ದಾಟುವಷ್ಟರಲ್ಲಿ ತೊಟ್ಟಿಲಕ್ಕ ಅಡ್ಡ ಬಂದಳು. "ಬೇಡ." ಅಷ್ಟೇ. ಲೋಟ ಕಿತ್ತುಕೊಂಡಳು. ಅವಳ ದನಿ ಕೇಳಿ ನನ್ನ ಮಗಳು ಬೆಪ್ಪಾಗಿ ನಿಂತಳು.

"ಯಾರಪ್ಪ ಅದು ಕಿರುಬಣ್ಣ?" ಎಂದು ವೆಲ್ಡರ್ ನಗುತ್ತಾ ಕೇಳಿದ.

ಮಕ್ಕಳು ಒಂದರ ಮೇಲೊಂದು ಬಿದ್ದು ಹೇಳಿದವು. ಮೀಸೆ, ಬಾಚಣಿಗೆ, ಜಿರಳೆ, ಬಂಡೆ, ನಾಲ್ಕರ ಮೇಲೆ ಬಹಳ. ಅವನ ನಗು ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬಂತು, ಆದರೆ ಪೂರ್ತಿ ಹೋಗಲಿಲ್ಲ. ಅವನು ಸುತ್ತಿಗೆ ಎತ್ತಿಕೊಂಡು ಕೆಲಸ ಮುಗಿಸಿದ. ಬೆಸುಗೆಯನ್ನು ಎಂದಿನಂತೆ ಅರದಿಂದ ಉಜ್ಜಿ ನುಣುಪು ಮಾಡಿದ.  ತೊಟ್ಟಿಲಕ್ಕ ಅವನ ಹಿಂದೆ ಗೇಟು ದಾಟಿ ಹೋಗುವುದನ್ನು ನೋಡುತ್ತಾ ನಿಂತೆ. ತಡೆಯಲಿಲ್ಲ.

ಸೋಮವಾರ ಅವಳು ಮೈಮೇಲೆ ಒಂದು ಗೀರೂ ಇಲ್ಲದೆ ಬಂದಾಗ ನನಗೇ ನಂಬಲಾಗಲಿಲ್ಲ.

"ಕಥೆ ಪೂರ್ತಿ ಹೇಳಿಸಿಕೊಂಡ," ಎಂದಳು. "ಸುಮ್ಮನೆ ಕೂತು ಕೇಳಿದ. ಮುಗಿದ ಮೇಲೆ, 'ಮಕ್ಕಳಿಗೆ ಅವನು ಅಂದ್ರೆ ಇಷ್ಟಾನಾ?' ಅಂದ. ಇಷ್ಟ ಅಂದೆ. 'ಮೊಲಕ್ಕಿಂತ ಇಷ್ಟಾನಾ?' ಅಂದ. ಹೌದು ಅಂದೆ. 'ಹಾಗಿದ್ರೆ ಸರಿ ಬಿಡು' ಅಂದ."

ಅವನಿಗೆ ನಾಚಿಕೆಯಾಗಿರಲಿಲ್ಲ. ಹೆಮ್ಮೆಯಾಗಿತ್ತು. ಆ ವಾರ ದಿನವೂ ಸಂಜೆ ಗೇಟಿಗೆ ಬಂದು, ಮಕ್ಕಳ ಮುಂದೆ ಮೀಸೆ ಬಾಚಿ ತೋರಿಸಿ, ಕೆನ್ನೆ ಹಿಡಿದು ಅಳುವ ನಾಟಕ ಆಡಿದ. ಮಕ್ಕಳು ಅವನ ಕಾಲಿಗೆ ಜೋತುಬಿದ್ದವು. ಕಿರುಬಣ್ಣ ಜಿರಳೆಗೆ ಹೆದರುವುದನ್ನು ಮಾತ್ರ ಬಿಟ್ಟುಬಿಡು, ಹಾವು ಎಂದು ಬದಲಾಯಿಸು ಎಂದು ಮನೆಯಲ್ಲಿ ಹೆಂಡತಿಗೆ ಹೇಳಿದನಂತೆ.

ಮುಂದಿನ ಭಾನುವಾರ ಬೆಳಿಗ್ಗೆ ನನ್ನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲು ತೆಗೆದವನು ನನ್ನ ಗಂಡ. ಹೊಸ್ತಿಲಾಚೆ ತೊಟ್ಟಿಲಕ್ಕ ಚಪ್ಪಲಿಯಿಲ್ಲದೆ ನಿಂತಿದ್ದಳು. ಎಡಗಿವಿಯಿಂದ ರಕ್ತ ಇಳಿದು ಭುಜದ ಬಟ್ಟೆಗೆ ಅಂಟಿತ್ತು.

"ಗಂಡ ಹೆಂಡತಿ ಜಗಳ, ನಾಳೆ ಸರಿಹೋಗುತ್ತೆ. ಮನೆಗೆ ಹೋಗಮ್ಮ," ಎಂದ ನನ್ನ ಗಂಡ.

ನಾನು ಅವನನ್ನು ದಾಟಿಕೊಂಡು ಹೊರಗೆ ಬಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳು ನಡೆದದ್ದನ್ನು ಹೇಳಿದಳು. ಬಟ್ಟೆ ಒಗೆಯುವಾಗ ಅವನ ಬಾಚಣಿಗೆಯನ್ನು ಜೇಬಿನಿಂದ ತೆಗೆದು ಕಿಟಕಿಯಲ್ಲಿ ಇಟ್ಟಿದ್ದಳು. ಅಷ್ಟೇ ಕಾರಣ. ಅಂಗೈ ಬಿಚ್ಚಿ ಕಿವಿಯ ಮೇಲೆ ಬಾರಿಸಿದ. ಆಮೇಲೆ ಎಂದಿನಂತೆ ಹೊಸ್ತಿಲ ಮೇಲೆ ಕೂತು ಕೈ ಮುಂದೆ ಚಾಚಿದ. ಅವಳು ಅಡುಗೆಮನೆಯಲ್ಲಿ ನಿಂತು, ಲೋಟವನ್ನೂ ಅವನ ಬೆನ್ನನ್ನೂ ನೋಡಿದಳು. ಅವನು ಕಾದ. ತಿರುಗಿ ನೋಡಿದ. "ನೀರು ಕೊಡೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ದಿಕ್ಕು ತಪ್ಪಿದ ಮಗುವಿನ ಹಾಗಿತ್ತು. ಅವಳು ಅವನ ಪಕ್ಕದಿಂದ ಹೊಸ್ತಿಲು ದಾಟಿದಳು. ಅವನು ಅವಳ ಕಾಲು ಹಿಡಿದ. "ಕೊಟ್ಟು ಹೋಗು. ಕೊಟ್ಟು ಆಮೇಲೆ ಎಲ್ಲಿಗಾದ್ರೂ ಹೋಗು."

"ಕೊಡಬೇಕು ಅನ್ನಿಸಿತು ಕಣೆ ಕಾಲರ್," ಎಂದಳು. "ಇಷ್ಟಾದರೂ ಕೊಡಬೇಕು ಅನ್ನಿಸಿತು. ಅದೇ ನನಗೆ ಭಯ ಆಗಿದ್ದು."

ಹೇಗಾಯಿತು ಎಂದು ವೈದ್ಯರು ಕೇಳಿದಾಗ ನಾನು ನೆಲ ನೋಡಿದೆ. ಅವಳೇ ಹೇಳಿದಳು, "ಗಂಡ ಹೊಡೆದಿದ್ದು. ಹಾಗೇ ಬರೆಯಿರಿ." ಕಿವಿಯ ತಮಟೆ ಹರಿದಿತ್ತು. ಒಳಗೂ ಪೆಟ್ಟಾಗಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ.

ಅವಳು ಕಾರ್ಖಾನೆಯ ಇಬ್ಬರು ಹೆಂಗಸರ ಜೊತೆ ಒಂದು ಬಾಡಿಗೆ ಕೋಣೆ ಸೇರಿದಳು. ವೆಲ್ಡರ್ ದಿನವೂ ಸಂಜೆ ಗೇಟಿನ ಎದುರು ನಿಂತು ಅಳತೊಡಗಿದ. ಗಡ್ಡ ಬಿಟ್ಟಿದ್ದ. ಮಕ್ಕಳು "ಕಿರುಬಣ್ಣ" ಎಂದು ಓಡಿಹೋದರೆ ಅವುಗಳನ್ನು ತಬ್ಬಿಕೊಂಡು ಅಳುತ್ತಿದ್ದ. ಕಾವಲುಗಾರನ ಮನಸ್ಸು ಕರಗಿತು. ಹೊಲಿಗೆ ಹಾಲಿನಲ್ಲಿ ಒಬ್ಬೊಬ್ಬರದೂ ಕರಗಿತು. ಮುಚ್ಚಿಡುವುದೇನು, ನನ್ನದೂ ಕರಗಿತು. "ಇಷ್ಟು ಅಳ್ತಾನಲ್ಲ ಅಕ್ಕ, ಒಂದು ಸಲ ಹೋಗಿ ನೋಡಬಾರದಾ?" ಎಂದುಬಿಟ್ಟೆ.

ಅವಳು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ, "ನಿನಗೂ ಇಷ್ಟ ಆದನಾ ಅವನು?" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರು ತಿಂಗಳಿಗೆ ಅವನು ಬರುವುದು ನಿಂತಿತು. ಊರಿನ ಇನ್ನೊಂದು ತುದಿಯಲ್ಲಿ ಬೇರೊಬ್ಬಳ ಜೊತೆ ಇದ್ದಾನೆ, ಮೀಸೆ ಬಾಚಿಕೊಂಡು ಚೆನ್ನಾಗಿಯೇ ಇದ್ದಾನೆ ಎಂದು ಸುದ್ದಿ ಬಂತು. ಒಂದು ಭಾನುವಾರ ತೊಟ್ಟಿಲಕ್ಕ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದಳು. ಅವನು ಕೆಲಸಕ್ಕೆ ಹೋಗಿದ್ದ. ಎಲ್ಲವನ್ನೂ ಹೇಳಿದಳು. ಆ ಹೆಂಗಸು ಕೇಳಿ, "ಅವರಿಗೆ ಸಿಟ್ಟು ಬರುತ್ತೆ, ನಿಜ. ಆದ್ರೆ ಮನಸ್ಸು ಮಗುವಿನ ಥರ. ನೀವು ಅರ್ಥ ಮಾಡ್ಕೊಳ್ಳಲಿಲ್ಲ," ಎಂದು ಬಾಗಿಲು ಹಾಕಿಕೊಂಡಳು.

ಕಾರ್ಖಾನೆಯವರು ತೊಟ್ಟಿಲಕ್ಕನನ್ನು ಮಕ್ಕಳ ಕೋಣೆಯಿಂದ ತೆಗೆದರು. ಕೂಸು ಅತ್ತರೆ ಕೇಳಿಸದವಳು ಆಯಾ ಆಗುವುದು ಹೇಗೆ ಎಂಬುದು ಅವರ ಮಾತು. ಪೂರ್ತಿ ತಪ್ಪು ಎನ್ನಲಾಗದು. ದಾರ ಕತ್ತರಿಸುವ ಮೇಜಿಗೆ ಹಾಕಿದರು. ಸಿದ್ಧವಾದ ಅಂಗಿಯಲ್ಲಿ ಉಳಿದ ನೂಲಿನ ಎಳೆಗಳನ್ನು ಹುಡುಕಿ ಕತ್ತರಿಸುವುದು, ನಿಂತೇ ಮಾಡುವ ಕೆಲಸ. ಮಕ್ಕಳ ಕೋಣೆಗೆ ಟಿವಿ ಬಂತು. ಅವಳು ಮತ್ತೆ ಯಾರಿಗೂ ಕಥೆ ಹೇಳಿದ್ದನ್ನು ನಾನು ಕೇಳಲಿಲ್ಲ.

ಹೀಗೆ ಹದಿನಾರು ವರ್ಷ ಕಳೆಯಿತು. ಹೋದ ವರ್ಷ ನನ್ನ ಮಗಳು, ಈಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಒಬ್ಬ ಹುಡುಗನ ವಿಷಯ ಎತ್ತಿದಳು. ಒಳ್ಳೆಯ ಕೆಲಸದಲ್ಲಿದ್ದಾನೆ, ನಗಿಸುತ್ತಾನೆ, ಕತ್ತಲೆಗೆ ಹೆದರುತ್ತಾನೆ ಎಂದೆಲ್ಲ ಹೇಳಿ ನಕ್ಕಳು. ಅವಳ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಇತ್ತು. ಕೇಳಿದೆ.

"ಒಂದೇ ಸಲ ಅಮ್ಮ. ಆಮೇಲೆ ಎಷ್ಟು ಅತ್ತ ಗೊತ್ತಾ? ನಾನೇ ಸಮಾಧಾನ ಮಾಡಬೇಕಾಯ್ತು."

ನಾನು ಏನು ಹೇಳಲಿ? ಹೇಳುವ ಬಾಯಿ ಎಲ್ಲಿದೆ ನನಗೆ? ಮುಂದಿನ ರಜೆಯ ದಿನ ಅವಳನ್ನು ತೊಟ್ಟಿಲಕ್ಕನ ಕೋಣೆಗೆ ಕರೆದುಕೊಂಡು ಹೋದೆ. ಒಂದು ಮಂಚ, ಒಂದು ಸ್ಟೌ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಎರಡು ಚೀಲ. ಅವಳ ತಲೆ ಪೂರ್ತಿ ನರೆತಿತ್ತು. ನಾನು ವಿಷಯ ಹೇಳಿದೆ. ಮಗಳು ಸಿಡಿಮಿಡಿಗುಟ್ಟುತ್ತಾ ಕೂತಿದ್ದಳು.

"ನಾನು ಹೇಳುತ್ತಿದ್ದ ಕಥೆ ನೆನಪಿದೆಯಾ ನಿನಗೆ?" ಎಂದು ತೊಟ್ಟಿಲಕ್ಕ ಕೇಳಿದಳು.

ಮಗಳ ಮುಖ ಅರಳಿತು. "ಕಿರುಬಣ್ಣ! ಅವನನ್ನ ಮರೆಯೋಕಾಗುತ್ತಾ? ಬಾಚಣಿಗೆ, ಜಿರಳೆ, ಒಂದು ಎರಡು ಮೂರು ನಾಲ್ಕು ಬಹಳ."

"ಅವನು ಯಾರನ್ನ ಕಚ್ಚುತ್ತಿದ್ದ?"

ಮಗಳು ಯೋಚಿಸಿದಳು. "ಯಾವುದೋ ಪ್ರಾಣಿ. ಅಳಿಲಾ?"

"ಮೊಲ," ಎಂದಳು ತೊಟ್ಟಿಲಕ್ಕ. "ನಿನ್ನ ತಪ್ಪಲ್ಲ ಬಿಡು. ಅವನಿಗೆ ಎಲ್ಲ ಕೊಟ್ಟೆ, ಮೊಲಕ್ಕೆ ನಾನು ಏನೂ ಕೊಟ್ಟಿರಲಿಲ್ಲ. ಒಂದು ಹೆದರಿಕೆ ಇಲ್ಲ, ಒಂದು ಕೆಟ್ಟ ಅಭ್ಯಾಸ ಇಲ್ಲ. ಬರೀ ನೀರು ಕೊಡೋದು. ಅಂಥದ್ದನ್ನ ಯಾರು ನೆನಪಿಟ್ಕೊಳ್ತಾರೆ?"

ಆಮೇಲೆ ಅವಳು ಮೊಲದ ಬಗ್ಗೆ ಹೇಳಿದಳು. ಮೊಲಕ್ಕೆ ತುಂಬ ಬಿಗುಮಾನ. ಅಕ್ಕಪಕ್ಕದವರ ಮುಂದೆ ತನ್ನ ಗುಹೆಯೇ ಚಂದ ಎಂದು ಕೊಚ್ಚಿಕೊಳ್ಳುತ್ತಿತ್ತು. ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ಮುಖ ಊದಿದ್ದರೆ ಬಾಗಿಲು ತಾಗಿತು, ಕಾಲು ಊದಿದ್ದರೆ ಕಲ್ಲು ಎಡವಿತು. ಹೊಟ್ಟೆಯಲ್ಲಿ ಐದು ತಿಂಗಳ ಮರಿ ಇದ್ದಾಗ ಆಸ್ಪತ್ರೆಗೆ ಹೋಗಿ, ಮೆಟ್ಟಿಲಿನಿಂದ ಜಾರಿದೆ ಎಂದು ಬರೆಸಿತು. ಮರಿ ಉಳಿಯಲಿಲ್ಲ. ಹೆಣ್ಣುಮರಿ. ಅದನ್ನು ನೋಡುತ್ತೀಯಾ ಎಂದು ನರ್ಸ್ ಕೇಳಿದಾಗ ಮೊಲ ಬೇಡ ಎಂದಿತು, ಏಕೆಂದರೆ ಹೊರಗೆ ಕಿರುಬಣ್ಣ ಅಳುತ್ತಿದ್ದ, ಅವನನ್ನು ಸಮಾಧಾನ ಮಾಡಲು ಹೋಗಬೇಕಿತ್ತು.

ಇದು ನನಗೂ ಗೊತ್ತಿರಲಿಲ್ಲ. ಮಗಳು ತಲೆ ತಗ್ಗಿಸಿಕೊಂಡು ಕೂತಿದ್ದಳು. ತಲೆ ಎತ್ತದೆಯೇ, "ಮೊಲ ಒಂದು ಸಲವಾದ್ರೂ ನೋಡಬೇಕಿತ್ತು," ಎಂದಳು.

"ನೋಡಬೇಕಿತ್ತು," ಎಂದಳು ತೊಟ್ಟಿಲಕ್ಕ.

 ಮಗಳು ಆ ಹುಡುಗನಿಗೆ ಏನು ಹೇಳಿದಳೋ, ಹೇಗೆ ಹೇಳಿದಳೋ, ನನಗೆ ತಿಳಿಸಲಿಲ್ಲ. ಒಂದು ವಾರ ಅವನ ಫೋನು ಬರುತ್ತಲೇ ಇತ್ತು. ಇವಳು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದಳು, ಎತ್ತುತ್ತಿರಲಿಲ್ಲ. ಎತ್ತದೆ ಇರುವುದು ಅವಳಿಗೆ ಸುಲಭವಾಗಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅದೂ ನಿಂತಿತು.

ನಾನು ಅದೇ ಮನೆಯಲ್ಲಿದ್ದೇನೆ. ಗಂಡನಿಗೆ ವಯಸ್ಸಾಗಿದೆ, ಕೈ ಮೊದಲಿನಷ್ಟು ಏಳುವುದಿಲ್ಲ, ಬಾಯಿ ಮಾತ್ರ ಹಾಗೇ ಇದೆ. ಅವನು ಕೂಗಾಡಲು ಶುರುಮಾಡಿದರೆ ಮಗಳು ಮೊದಲಿನ ಹಾಗೆ ಅವನ ಮುಖ ನೋಡುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಾಳೆ, ನಾನು ಏನು ಮಾಡುತ್ತೇನೆ ಎಂದು. ನಾನು ಇನ್ನೂ ಏನೂ ಮಾಡಿಲ್ಲ.